ಕ್ಯಾಮೆರಾ ಎಲ್ಲಿಡೋಣ? ಗೋಡೆಗೆ ಡ್ರಿಲ್ ಹಾಕೋ ಮೊದಲು ಒಂದಿಷ್ಟು ಲೆಕ್ಕ

ಇಂಜಿನಿಯರಿಂಗ್ ಸೇರಿದ ದಿನದಿಂದ ಮನೇಲಿ ನಮಗೆಲ್ಲ ಒಂದು ಹೊಸ ಹುದ್ದೆ ಸಿಕ್ಕಿಬಿಡುತ್ತೆ. ಯಾವ ಬ್ರಾಂಚ್ ಅನ್ನೋದು ಯಾರಿಗೂ ಮುಖ್ಯವಲ್ಲ. ಸಿವಿಲ್ ಓದೋರಿಗೆ ವೈಫೈ ಸರಿ ಮಾಡು ಅಂತಾರೆ, ಕಂಪ್ಯೂಟರ್ ಸೈನ್ಸ್‌ನವರಿಗೆ ಮಿಕ್ಸಿ ಬಿಚ್ಚಿ ನೋಡು ಅಂತಾರೆ. ಈಗೀಗ ಆ ಪಟ್ಟಿಗೆ ಇನ್ನೊಂದು ಸೇರಿದೆ: "ಮನೆಗೆ ಸಿಸಿಟಿವಿ ಹಾಕಿಸಬೇಕು, ಎಲ್ಲೆಲ್ಲಿ ಹಾಕಿಸೋಣ ನೀನೇ ಹೇಳಪ್ಪ."

ಇದು ಸುಮ್ಮನೆ ಬಂದ ಪ್ರಶ್ನೆ ಅಲ್ಲ. ನಮ್ಮಲ್ಲಿ ತುಂಬಾ ಜನ ಹಾಸ್ಟೆಲ್‌ನಲ್ಲೋ ಪಿಜಿಯಲ್ಲೋ ಇದ್ದೀವಿ. ಊರಲ್ಲಿ ಅಪ್ಪ ಅಮ್ಮ ಇಬ್ಬರೇ, ಕೆಲವು ಮನೆಗಳಲ್ಲಿ ಅಜ್ಜಿ ಒಬ್ಬರೇ. ರಾತ್ರಿ ಗೇಟು ಸದ್ದಾದರೆ ಎದ್ದು ಹೋಗಿ ನೋಡಬೇಕಾ ಬೇಡವಾ ಅನ್ನೋ ಹೆದರಿಕೆ ಅವರದು. ಆ ಹೆದರಿಕೆಗೆ ಉತ್ತರ ಅಂತ ಸಾವಿರಾರು ರೂಪಾಯಿ ಖರ್ಚು ಮಾಡಿ ಕ್ಯಾಮೆರಾ ತರ್ತಾರೆ. ಆಮೇಲೆ ಏಣಿ ಎಲ್ಲಿಗೆ ಎಟಕುತ್ತೋ, ವೈರ್ ಎಲ್ಲಿ ಸುಲಭಕ್ಕೆ ಬರುತ್ತೋ ಅಲ್ಲಿ ಅದನ್ನ ಕೂರಿಸಿ ಮುಗಿಸ್ತಾರೆ. ಫೋನಲ್ಲಿ ಇಡೀ ಬೀದಿ ಕಾಣುತ್ತೆ, ಎಲ್ಲರಿಗೂ ಖುಷಿ. ಏನಾದರೂ ನಡೆದ ದಿನ ವಿಡಿಯೋ ತೆಗೆದು ನೋಡಿದರೆ ಕಾಣೋದು ಒಂದು ಟೋಪಿ, ಎರಡು ಭುಜ, ಅಷ್ಟೇ.

ಕ್ಯಾಮೆರಾದ ಬೆಲೆ ಎಷ್ಟೇ ಇರಲಿ, ಅದು ಕೆಲಸಕ್ಕೆ ಬರುತ್ತಾ ಇಲ್ಲವಾ ಅನ್ನೋದನ್ನ ಬಹುಪಾಲು ತೀರ್ಮಾನ ಮಾಡೋದು ಅದನ್ನ ಇಟ್ಟ ಜಾಗ. ಜಾಗ ಆರಿಸೋದು ನಮ್ಮ ಪಿಯುಸಿ ಟ್ರಿಗ್ನಾಮೆಟ್ರಿ ಮತ್ತು ಫಸ್ಟ್ ಇಯರ್ ಫಿಸಿಕ್ಸ್‌ಗೆ ಮೀರಿದ ಕೆಲಸ ಏನಲ್ಲ. ಬನ್ನಿ, ಲೆಕ್ಕ ಮಾಡೋಣ.

ಮೊದಲು ಕೇಳಬೇಕಾದ ಪ್ರಶ್ನೆ

"ಎಲ್ಲಿ ಇಡೋಣ" ಅನ್ನೋದಕ್ಕಿಂತ ಮೊದಲು "ಏನು ಕಾಣಬೇಕು" ಅಂತ ಕೇಳಬೇಕು. ಇದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಮನೆಗೆ ಅಂತಲೇ ಮಾಡಿದ ಕ್ಯಾಮೆರಾ ವ್ಯವಸ್ಥೆಗೆ ಆರಂಭದಲ್ಲೇ ಪೇಟೆಂಟ್ ಪಡೆದವರಲ್ಲಿ ಮುಖ್ಯ ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್. ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿದ್ದ ಒಬ್ಬ ನರ್ಸ್. ಹೊತ್ತಲ್ಲದ ಹೊತ್ತಲ್ಲಿ ಕೆಲಸ, ಮನೇಲಿ ಒಬ್ಬರೇ ಇರಬೇಕಾದ ಸಂದರ್ಭ, ಕರೆದ ತಕ್ಷಣ ಬರದ ಪೊಲೀಸರು. ಅವರು ಮತ್ತು ಅವರ ಗಂಡ ಆಲ್ಬರ್ಟ್ ಬ್ರೌನ್ ಸೇರಿ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1969ರಲ್ಲಿ ಅದು ಸಿಕ್ಕಿತು.

ನಮಗೆ ಇಲ್ಲಿ ಬೇಕಾದ ವಿಷಯ ಆ ಕ್ಯಾಮೆರಾ ಇದ್ದ ಜಾಗ. ಅವರು ಅದನ್ನ ಛಾವಣಿಗೆ ಹಾಕಲಿಲ್ಲ, ಬೀದಿಗೆ ತಿರುಗಿಸಲಿಲ್ಲ. ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ ನಾಲ್ಕು ಇಣುಕುಗಿಂಡಿ ಮಾಡಿ, ಕ್ಯಾಮೆರಾ ಅವುಗಳ ಹಿಂದೆ ಮೇಲೆ ಕೆಳಗೆ ಸರಿಯೋ ಹಾಗೆ ಇಟ್ಟರು. ಬಂದವರು ಉದ್ದ ಇರಲಿ, ಗಿಡ್ಡ ಇರಲಿ, ಮುಖ ಮುಖದ ಮಟ್ಟದಲ್ಲೇ ಕಾಣಬೇಕು. ಸುಮಾರು ಅರವತ್ತು ವರ್ಷದ ಹಿಂದೆಯೇ ಅವರಿಗೆ ಗೊತ್ತಿದ್ದ ಈ ಮಾತನ್ನ ನಾವು ಇವತ್ತೂ ಮರೀತೀವಿ: ಮನೆಯ ಕ್ಯಾಮೆರಾಗೆ ಬೇಕಾಗಿರೋದು ಊರೆಲ್ಲ ಅಲ್ಲ, ಒಳಗೆ ಬರೋ ಮನುಷ್ಯನ ಮುಖ.

ಪಿಕ್ಸೆಲ್ ಲೆಕ್ಕ

"ಕಾಣುತ್ತೆ" ಅನ್ನೋ ಪದಕ್ಕೂ ಸ್ಟ್ಯಾಂಡರ್ಡ್ ಇದೆ. ಐಇಸಿ 62676-4 ಅನ್ನೋ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ ಅದನ್ನ ಹಂತ ಹಂತವಾಗಿ ವಿಂಗಡಿಸುತ್ತೆ. ಅಳತೆ ಏನಪ್ಪಾ ಅಂದ್ರೆ, ದೃಶ್ಯದ ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್ ಸಿಗುತ್ತೆ ಅನ್ನೋದು.

ಮೀಟರಿಗೆ 25 ಪಿಕ್ಸೆಲ್ ಇದ್ರೆ ಅಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ. ಸುಮಾರು 62 ಇದ್ರೆ ಅವರು ಏನು ಮಾಡ್ತಿದ್ದಾರೆ, ಎಂಥ ಬಟ್ಟೆ ಹಾಕಿದ್ದಾರೆ ಅಂತ ತಿಳಿಯುತ್ತೆ. 125 ಇದ್ರೆ ನಮಗೆ ಪರಿಚಯ ಇರೋರಾದರೆ ಗುರುತು ಹಿಡೀಬಹುದು. 250 ಇದ್ರೆ ಅಪರಿಚಿತರ ಮುಖವನ್ನೂ ಖಚಿತವಾಗಿ ಗುರುತಿಸಬಹುದು. ಮನುಷ್ಯನ ಮುಖದ ಅಗಲ ಸುಮಾರು 16 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ, 250ರ ಮಟ್ಟದಲ್ಲಿ ಮುಖಕ್ಕೆ 40 ಪಿಕ್ಸೆಲ್ ಸಿಗುತ್ತೆ. 25ರ ಮಟ್ಟದಲ್ಲಿ ಬರೀ ನಾಲ್ಕು. ನಾಲ್ಕು ಪಿಕ್ಸೆಲ್‌ನಲ್ಲಿ ಸ್ವಂತ ಅಣ್ಣನೂ ಗುರುತಾಗಲ್ಲ.

ಈಗ ನಮ್ಮ ಕ್ಯಾಮೆರಾಗೆ ಇದನ್ನ ಹಾಕಿ ನೋಡೋಣ. ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ 1920 ಪಿಕ್ಸೆಲ್ ಇರುತ್ತೆ. ಇಂಥವುಗಳಲ್ಲಿ ತುಂಬಾ ಬಳಕೆಯಲ್ಲಿರೋ ಸೆನ್ಸರ್‌ನ ಅಗಲ ಸುಮಾರು 5.6 ಮಿಲಿಮೀಟರ್. ಸಮರೂಪ ತ್ರಿಕೋನಗಳ ನಿಯಮದಿಂದ:

ದೃಶ್ಯದ ಅಗಲ = ದೂರ × ಸೆನ್ಸರ್ ಅಗಲ ÷ ಲೆನ್ಸ್‌ನ ಫೋಕಲ್ ಲೆಂತ್

ಅಂಗಡಿಯಲ್ಲಿ ಹೆಚ್ಚಾಗಿ ಕೊಡೋದು 2.8 ಮಿಲಿಮೀಟರ್ ಲೆನ್ಸ್. 5.6 ಭಾಗಿಸು 2.8 ಅಂದ್ರೆ 2. ಅಂದರೆ ಈ ಲೆನ್ಸ್‌ನಲ್ಲಿ ದೃಶ್ಯದ ಅಗಲ ದೂರದ ಎರಡು ಪಟ್ಟು. ನೆನಪಿಡೋಕೂ ಸುಲಭ. 4 ಮೀಟರ್ ದೂರದಲ್ಲಿ 8 ಮೀಟರ್ ಅಗಲ, ಅಂದರೆ ಮೀಟರಿಗೆ 240 ಪಿಕ್ಸೆಲ್. ಮುಖ ಗುರುತಿಸೋಕೆ ಹೆಚ್ಚುಕಮ್ಮಿ ಸಾಕು. 10 ಮೀಟರ್ ದೂರಕ್ಕೆ ಹೋದರೆ ಅಗಲ 20 ಮೀಟರ್, ಮೀಟರಿಗೆ 96 ಪಿಕ್ಸೆಲ್. ಪರಿಚಯದವರನ್ನ ಗುರುತಿಸೋದೇ ಕಷ್ಟ, ಅಪರಿಚಿತರ ಮಾತು ಬಿಡಿ.

ಅದೇ ಕ್ಯಾಮೆರಾಗೆ 4 ಮಿಲಿಮೀಟರ್ ಲೆನ್ಸ್ ಇದ್ರೆ 250ರ ಮಟ್ಟ ಸುಮಾರು ಐದೂವರೆ ಮೀಟರ್‌ವರೆಗೆ, 6 ಮಿಲಿಮೀಟರ್ ಇದ್ರೆ ಸುಮಾರು 8 ಮೀಟರ್‌ವರೆಗೆ ಸಿಗುತ್ತೆ. ಆದರೆ ನೋಟ ಕಿರಿದಾಗುತ್ತೆ. ಪಿಕ್ಸೆಲ್ ಇರೋದು ಇಷ್ಟೇ, ಅದನ್ನ ಅಗಲಕ್ಕೆ ಹಂಚ್ತೀರೋ ದೂರಕ್ಕೆ ಕೊಡ್ತೀರೋ ನೀವೇ ನಿರ್ಧಾರ ಮಾಡಬೇಕು. ಸಾರಿನ ಪಾತ್ರೆ ಒಂದೇ, ಎಲೆ ಜಾಸ್ತಿ ಆದಷ್ಟೂ ಒಂದೊಂದು ಎಲೆಗೆ ಬೀಳೋದು ಕಡಿಮೆ.

ಎತ್ತರ: ನೆತ್ತಿ ಬೇಕಾ ಮುಖ ಬೇಕಾ?

"ಆದಷ್ಟು ಮೇಲೆ ಹಾಕಿ, ಯಾರಿಗೂ ಕೈಗೆ ಸಿಗಬಾರದು" ಅನ್ನೋದು ಎಲ್ಲ ಕಡೆ ಕೇಳೋ ಮಾತು. ಅರ್ಧ ಸತ್ಯ. ಕ್ಯಾಮೆರಾ ಮೇಲೆ ಹೋದಷ್ಟೂ ಅದು ಕೆಳಗೆ ಬಗ್ಗಿ ನೋಡಬೇಕು. ಬಗ್ಗಿದಷ್ಟೂ ಹಣೆ, ಕೂದಲು, ಟೋಪಿ ಕಾಣುತ್ತೆ. ಕಣ್ಣು ಮೂಗು ಬಾಯಿ ಮರೆಯಾಗುತ್ತೆ.

ಮುಖದ ಎತ್ತರ 1.6 ಮೀಟರ್ ಅಂತ ಇಟ್ಟುಕೊಳ್ಳೋಣ. ಬಂದವರು ಬಾಗಿಲ ಹತ್ತಿರ, ಕ್ಯಾಮೆರಾದಿಂದ ಒಂದೂವರೆ ಮೀಟರ್ ಆಚೆ ನಿಂತಿದ್ದಾರೆ. ಕ್ಯಾಮೆರಾ ಮೇಲಿನ ಸ್ಲ್ಯಾಬ್ ಮಟ್ಟದಲ್ಲಿ, 3 ಮೀಟರ್ ಎತ್ತರದಲ್ಲಿದೆ. ಎತ್ತರದ ವ್ಯತ್ಯಾಸ 1.4, ದೂರ 1.5. ಟ್ಯಾನ್ ಇನ್ವರ್ಸ್ ತೆಗೆದರೆ ಸುಮಾರು 43 ಡಿಗ್ರಿ. ಈ ಕೋನದಲ್ಲಿ ಕ್ಯಾಪ್ ಹಾಕಿದವರ ಮುಖ ಕಾಣೋದೇ ಇಲ್ಲ. ಈಗ ಅದೇ ಕ್ಯಾಮೆರಾವನ್ನ ಲಿಂಟಲ್ ಮಟ್ಟಕ್ಕೆ ಇಳಿಸಿ. ನಮ್ಮ ಮನೆಗಳಲ್ಲಿ ಅದು ಏಳು ಅಡಿ, ಅಂದರೆ ಸುಮಾರು 2.1 ಮೀಟರ್. ವ್ಯತ್ಯಾಸ ಅರ್ಧ ಮೀಟರ್, ಕೋನ ಸುಮಾರು 18 ಡಿಗ್ರಿ. ಮುಖ ಪೂರ್ತಿ ಸಿಕ್ಕಿತು.

ಹಾಗಂತ ಎಲ್ಲಾ ಕ್ಯಾಮೆರಾನೂ ಕೆಳಗೆ ಹಾಕೋದಲ್ಲ. 3 ಮೀಟರ್ ಎತ್ತರದ ಕ್ಯಾಮೆರಾವೇ 4 ಮೀಟರ್ ದೂರದ ಗೇಟನ್ನ ನೋಡಿದರೆ ಕೋನ ಸುಮಾರು 19 ಡಿಗ್ರಿ. ಅಂದರೆ ಹತ್ತಿರದ ಜಾಗಕ್ಕೆ ಕೆಳಗಿನ ಕ್ಯಾಮೆರಾ, ದೂರದ ಜಾಗಕ್ಕೆ ಮೇಲಿನ ಕ್ಯಾಮೆರಾ. ಕೋನ 20 ಡಿಗ್ರಿ ಆಸುಪಾಸಿನಲ್ಲಿರಲಿ, ಮೂವತ್ತು ದಾಟೋದು ಬೇಡ.

ಕೆಳಗಿರೋ ಕ್ಯಾಮೆರಾವನ್ನ ಯಾರಾದರೂ ತಿರುಗಿಸಿದರೆ, ಒಡೆದರೆ? ಅದಕ್ಕೆ ಉತ್ತರ, ಒಂದು ಕ್ಯಾಮೆರಾ ಇನ್ನೊಂದನ್ನ ಕಾಯಬೇಕು. ಗೇಟು ನೋಡೋ ಮೇಲಿನ ಕ್ಯಾಮೆರಾದ ಚೌಕಟ್ಟಿನ ಒಂದು ಮೂಲೆಯಲ್ಲಿ ಬಾಗಿಲ ಕ್ಯಾಮೆರಾಗೆ ಕೈ ಹಾಕುವವರು ಬರೋ ಹಾಗಿರಲಿ.

ಬೆಳಕು: ಹಗಲಿನ ತೊಂದರೆ ಬೇರೆ, ರಾತ್ರಿಯದು ಬೇರೆ

ನಮ್ಮಲ್ಲಿ ಪೂರ್ವದ ಬಾಗಿಲು ಅಂದ್ರೆ ಎಲ್ಲರಿಗೂ ಇಷ್ಟ. ವಾಸ್ತು ಏನೇ ಹೇಳಲಿ, ಬಾಗಿಲ ಮೇಲೆ ಕೂತು ನೇರ ಪೂರ್ವಕ್ಕೆ ನೋಡೋ ಕ್ಯಾಮೆರಾಗೆ ದಿನಾ ಬೆಳಗ್ಗೆ ಕಣ್ಣು ಕುಕ್ಕುತ್ತೆ. ಹಿಂದೆ ಸೂರ್ಯ, ಮುಂದೆ ಮನುಷ್ಯ, ಮುಖ ಇದ್ದಿಲ ಹಾಗೆ ಕಪ್ಪು. ಪಶ್ಚಿಮದ ಬಾಗಿಲಿಗೆ ಸಂಜೆ ಇದೇ ಕಥೆ. ಕ್ಯಾಮೆರಾವನ್ನ ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ ಆಯ್ತಲ್ಲ ಅಂದ್ರೆ, ಸೂರ್ಯನೂ ಒಂದೇ ಕಡೆ ಹುಟ್ಟಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ ಹುಟ್ಟುತ್ತಾನೆ. ಜೂನ್‌ನಲ್ಲಿ ಸರಿಯಾಗಿ ಕಂಡ ಕ್ಯಾಮೆರಾ ಡಿಸೆಂಬರ್‌ನಲ್ಲಿ ಕುರುಡಾಗಬಹುದು. ಆದ್ದರಿಂದ ಚೌಕಟ್ಟಿನಲ್ಲಿ ಆಕಾಶ ಬರದ ಹಾಗೆ ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಿರಲಿ, ಮೇಲೆ ಸಜ್ಜಾದ ನೆರಳಿರಲಿ. ಕೊಳ್ಳುವಾಗ ಡಬ್ಲ್ಯುಡಿಆರ್ ಇದೆಯಾ ನೋಡಿ. ಬೇರೆ ಬೇರೆ ಎಕ್ಸ್‌ಪೋಶರ್‌ಗಳಲ್ಲಿ ತೆಗೆದ ಚಿತ್ರಗಳನ್ನ ಸೇರಿಸಿ ಕಪ್ಪು ಮುಖವನ್ನ ಸ್ವಲ್ಪ ಮೇಲೆತ್ತೋ ತಂತ್ರ ಅದು.

ರಾತ್ರಿ ಕ್ಯಾಮೆರಾ ತನ್ನದೇ ಇನ್‌ಫ್ರಾರೆಡ್ ಎಲ್‌ಇಡಿ ಹಚ್ಚಿಕೊಳ್ಳುತ್ತೆ. ಸಾಮಾನ್ಯವಾಗಿ 850 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಎಲ್‌ಇಡಿಗಳಲ್ಲಿ ಮಂದ ಕೆಂಪು ಮಾತ್ರ ಕಂಡೀತು, ಸೆನ್ಸರ್‌ಗೆ ಅದು ಟಾರ್ಚ್ ಇದ್ದ ಹಾಗೆ. ಇಲ್ಲೇ ಇನ್ವರ್ಸ್ ಸ್ಕ್ವೇರ್ ನಿಯಮ ಬರುತ್ತೆ. ಕ್ಯಾಮೆರಾದ ಪಕ್ಕ ಅರ್ಧ ಮೀಟರ್‌ನಲ್ಲಿ ಬಿಳಿ ಗೋಡೆ ಇದೆ, 5 ಮೀಟರ್ ಆಚೆ ಮನುಷ್ಯ ಇದ್ದಾನೆ ಅಂದುಕೊಳ್ಳಿ. ದೂರ ಹತ್ತು ಪಟ್ಟು, ಹಾಗಾಗಿ ಗೋಡೆಗೆ ಬೀಳೋ ಬೆಳಕು ಮನುಷ್ಯನಿಗೆ ಬೀಳೋದಕ್ಕಿಂತ ನೂರು ಪಟ್ಟು. ಕ್ಯಾಮೆರಾ ಗೋಡೆಯನ್ನ ನೋಡಿ "ಓಹೋ, ಬೆಳಕು ಜಾಸ್ತಿ ಇದೆ" ಅಂತ ಎಕ್ಸ್‌ಪೋಶರ್ ಇಳಿಸುತ್ತೆ. ಗೋಡೆ ಬೆಳ್ಳಗೆ, ಮನುಷ್ಯ ಕತ್ತಲಲ್ಲಿ. ಅದಕ್ಕೇ ರಾತ್ರಿ ನೋಟದಲ್ಲಿ ಸಜ್ಜಾದ ಅಂಚು, ಪೈಪು, ಹೂಕುಂಡ, ಗೋಡೆ ಯಾವುದೂ ಲೆನ್ಸ್‌ಗೆ ಹತ್ತಿರ ಇರಬಾರದು. ಜೇಡರ ಬಲೆಯೂ ಅಷ್ಟೇ. ಒಂದು ಎಳೆ ಲೆನ್ಸ್ ಮುಂದೆ ತೂಗಾಡಿದರೆ ರಾತ್ರಿಯಿಡೀ ಫೋನಿಗೆ ಅಲರ್ಟ್ ಬರ್ತಾ ಇರುತ್ತೆ. ವಾರಕ್ಕೊಮ್ಮೆ ಪೊರಕೆ ಕಡ್ಡೀಲಿ ಒರೆಸಬೇಕು.

ಕಿಟಕಿಯ ಒಳಗಿಂದ ಗಾಜಿನ ಮೂಲಕ ಹೊರಗೆ ನೋಡೋ ಐಡಿಯಾ ಹಗಲಿಗೆ ಮಾತ್ರ. ರಾತ್ರಿ ಇನ್‌ಫ್ರಾರೆಡ್ ಗಾಜಿಗೆ ಹೊಡೆದು ವಾಪಸ್ ಬರುತ್ತೆ, ಕಾಣೋದು ಬರೀ ಮಂಜು.

ಇದಕ್ಕೆಲ್ಲ ಅಗ್ಗದ ಪರಿಹಾರ ಒಂದಿದೆ: ಬಾಗಿಲ ಹೊರಗೆ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್. ಬೆಳಕು ಕಡಿಮೆ ಇದ್ದರೆ ಕ್ಯಾಮೆರಾ ಶಟರ್ ಜಾಸ್ತಿ ಹೊತ್ತು ತೆರೆದಿಡುತ್ತೆ. ಸೆಕೆಂಡಿನ 25ನೇ ಒಂದು ಭಾಗ ತೆರೆದಿದ್ದರೆ, ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ಅಡ್ಡಕ್ಕೆ ನಡೆಯೋ ಮನುಷ್ಯ ಅಷ್ಟರಲ್ಲಿ 5.6 ಸೆಂಟಿಮೀಟರ್ ಸರಿದಿರ್ತಾನೆ. ಮೀಟರಿಗೆ 250 ಪಿಕ್ಸೆಲ್ ಲೆಕ್ಕದಲ್ಲಿ 14 ಪಿಕ್ಸೆಲ್ ಕಲಸಿಹೋಯ್ತು. ಮುಖಕ್ಕೆ ಇದ್ದಿದ್ದೇ 40. ಬೀದಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗೋ ಬೈಕ್ ಅದೇ ಹೊತ್ತಲ್ಲಿ 33 ಸೆಂಟಿಮೀಟರ್ ಸರಿಯುತ್ತೆ. ನಂಬರ್ ಪ್ಲೇಟ್ ಯಾಕೆ ಓದೋಕಾಗಲ್ಲ ಅಂತ ಈಗ ಗೊತ್ತಾಯ್ತಲ್ಲ? ಹಾಗಾಗಿ ಜನ ಅಡ್ಡಕ್ಕೆ ಹಾಯೋ ಕಡೆಗಿಂತ ಕ್ಯಾಮೆರಾದ ಕಡೆಗೆ ನಡೆದು ಬರೋ ಜಾಗ, ನಿಂತು ಚಿಲಕ ತೆಗೆಯೋ ಜಾಗ ಒಳ್ಳೇದು. ನಿಂತಾಗ ಮುಖ ಕಲಸಲ್ಲ.

ಬ್ಯಾಟರಿ ಕ್ಯಾಮೆರಾಗಳ ಪಿಐಆರ್ ಸೆನ್ಸರ್ ಮಾತ್ರ ಇದಕ್ಕೆ ಉಲ್ಟಾ. ದೇಹದ ಶಾಖ ಒಂದು ವಲಯದಿಂದ ಇನ್ನೊಂದಕ್ಕೆ ಸರಿದಾಗ ಅದು ಎಚ್ಚರಗೊಳ್ಳುತ್ತೆ. ನೇರ ಎದುರಿಗೆ ಬರೋರನ್ನ ತಡವಾಗಿ ಹಿಡಿಯುತ್ತೆ, ಅಡ್ಡ ಹಾಯೋರನ್ನ ಬೇಗ ಹಿಡಿಯುತ್ತೆ. ಅಂಥ ಕ್ಯಾಮೆರಾವನ್ನ ಸ್ವಲ್ಪ ಓರೆಯಾಗಿ ಇಟ್ಟರೆ ಎರಡೂ ಸಾಧ್ಯ.

ಥರ್ಟಿ-ಫಾರ್ಟಿ ಸೈಟಿನಲ್ಲಿ ಎಲ್ಲೆಲ್ಲಿ?

ನಮ್ಮೂರುಗಳ ಲೇಔಟ್ ಮನೆ ಅಂದ್ರೆ ಕಣ್ಣಿಗೆ ಬರೋದು 30×40 ಸೈಟು. ಅಂದರೆ ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ಮುಂದೆ ಗೇಟು, ಕಾರು ಅಥವಾ ಎರಡು ಸ್ಕೂಟರ್ ನಿಲ್ಲೋ ಪೋರ್ಟಿಕೋ, ಮುಂಬಾಗಿಲು, ಪಕ್ಕದಲ್ಲಿ ಒಂದು ಮೀಟರ್ ಅಗಲದ ಓಣಿ, ಹಿಂದೆ ಯುಟಿಲಿಟಿ, ಮೇಲೆ ಟೆರೇಸು. ಇದರಲ್ಲಿ ಒಳಗೆ ಬರೋರು ಹಾದುಹೋಗಲೇಬೇಕಾದ ಜಾಗ ಎಷ್ಟು ಅಂತ ಎಣಿಸಿ.

ಮೊದಲನೇದು ಮುಂಬಾಗಿಲು. ಲಿಂಟಲ್ ಮಟ್ಟದಲ್ಲಿ, ಚಿಲಕ ಇರೋ ಬದಿಗೆ. ಬಾಗಿಲಿಗೆ ಬಂದವರು ಬೆಲ್ ಒತ್ತುವಾಗ, ಬೀಗಕ್ಕೆ ಕೈ ಹಾಕುವಾಗ ನಿಲ್ಲೋದು ಇಲ್ಲೇ. ಒಂದೇ ಕ್ಯಾಮೆರಾಗೆ ದುಡ್ಡಿದೆ ಅಂದ್ರೆ ಅದು ಇಲ್ಲಿಗೆ.

ಎರಡನೇದು ಯುಟಿಲಿಟಿಯ ಹಿಂಬಾಗಿಲು. ಮುಂದಿನ ಬಾಗಿಲಿಗೆ ತೇಗದ ಮರ, ಎರಡು ಬೀಗ, ಗ್ರಿಲ್ಲು ಎಲ್ಲಾ ಇರುತ್ತೆ. ಹಿಂಬಾಗಿಲಿಗೆ ಒಂದು ತಗಡಿನ ಹಲಗೆ, ಒಂದು ಅಗುಳಿ. ಬೀದಿಗೂ ಕಾಣಲ್ಲ. ಎರಡನೇ ಕ್ಯಾಮೆರಾ ಎಲ್ಲರೂ ಬೀದಿ ಕಡೆ ಹಾಕಿಸ್ತಾರೆ, ಅದು ಹೋಗಬೇಕಾಗಿರೋದು ಹಿಂದಕ್ಕೆ.

ಮೂರನೇದು ಗೇಟು. ಮನೆಯ ಮುಂಗೋಡೆಯ ಮೂಲೆಯಲ್ಲಿ, 3 ಮೀಟರ್ ಎತ್ತರದಿಂದ, ಗೇಟಿನ ಕಡೆಗೆ. ದೂರ ಸುಮಾರು 4 ಮೀಟರ್, 2.8 ಲೆನ್ಸ್ ಸಾಕು. ಗಾಡಿಗಳೂ ಇದರಲ್ಲೇ ಬರುತ್ತೆ.

ನಾಲ್ಕನೇದು ಟೆರೇಸ್ ಬಾಗಿಲು. ನಮ್ಮ ಲೇಔಟ್‌ಗಳಲ್ಲಿ ಪಕ್ಕದ ಮನೆ ಟೆರೇಸಿಗೂ ನಮ್ಮದಕ್ಕೂ ಅಂತರ ಎಷ್ಟು ಅಂತ ಚೆಂಡು ಆ ಕಡೆ ಹೋದಾಗ ದಾಟಿ ತಂದವರಿಗೆ ಚೆನ್ನಾಗಿ ಗೊತ್ತು. ಮೆಟ್ಟಿಲ ಹೆಡ್‌ರೂಮಿನ ಒಳಗಿಂದ ಬಾಗಿಲ ಕಡೆಗೆ ಕ್ಯಾಮೆರಾ ಇಟ್ಟರೆ, ಒಳಗೆ ಬರೋರು ಎದುರಾಗಿಯೇ ಬರಬೇಕು. ಮಳೆಯೂ ತಾಗಲ್ಲ.

ಐದನೇದು ಪಕ್ಕದ ಓಣಿ. ಇಲ್ಲಿ 2.8 ಲೆನ್ಸ್ ಹಾಕಿದರೆ ಚಿತ್ರದ ಎರಡೂ ಬದಿ ಬರೀ ಗೋಡೆ. 6 ಮಿಲಿಮೀಟರ್ ಲೆನ್ಸ್ ತಗೊಂಡು, ಕ್ಯಾಮೆರಾವನ್ನ 90 ಡಿಗ್ರಿ ತಿರುಗಿಸಿ ಕೂರಿಸಿ. ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆ ಕಾರಿಡಾರ್ ಮೋಡ್ ಅಂತಾರೆ. ನಾವು ಫೋನನ್ನ ಉದ್ದಕ್ಕೆ ಹಿಡಿದು ವಿಡಿಯೋ ತೆಗೀತೀವಲ್ಲ, ಹಾಗೆ. ಉದ್ದನೆ ಓಣಿಗೆ ಉದ್ದನೆ ಚಿತ್ರ.

ಮಲೆನಾಡಿನ ಮನೆಗೆ ಈ ಪಟ್ಟಿ ಪೂರ್ತಿ ಹೊಂದಲ್ಲ. ಅಲ್ಲಿ ಕಾಯಬೇಕಾಗಿರೋದು ಬಾಗಿಲು ಮಾತ್ರ ಅಲ್ಲ, ಅಂಗಳದಲ್ಲಿ ಒಣಗೋಕೆ ಹಾಕಿದ ಅಡಿಕೆ, ಅಂದರೆ ವರ್ಷದ ಫಸಲು. 20 ಮೀಟರ್ ದೂರದ ಅಂಗಳದ ತುದಿಯನ್ನ 2.8 ಲೆನ್ಸ್‌ನಲ್ಲಿ ನೋಡಿದರೆ ಮೀಟರಿಗೆ 48 ಪಿಕ್ಸೆಲ್. ಯಾರೋ ಬಂದರು ಅಂತ ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗಲ್ಲ. ಅದಕ್ಕೆ ಕೆಲಸ ಹಂಚಬೇಕು. ಅಂಗಳಕ್ಕೊಂದು ಅಗಲ ನೋಟದ ಕ್ಯಾಮೆರಾ, ಎಚ್ಚರಿಸೋಕೆ. ದಣಪೆ ಹತ್ತಿರ, ಮನುಷ್ಯ ಬಗ್ಗಿಯೋ ದಾಟಿಯೋ ಬರಲೇಬೇಕಾದ ಕಡೆ, ಇನ್ನೊಂದು ಹತ್ತಿರದ ಕ್ಯಾಮೆರಾ, ಮುಖಕ್ಕೆ. ಮಳೆಗಾಲದಲ್ಲಿ ಹನಿಗಳು ಇನ್‌ಫ್ರಾರೆಡ್‌ಗೆ ಹೊಳೆದು ಚಿತ್ರದ ತುಂಬ ಬಿಳಿ ಗೆರೆ ಎಳೆಯುತ್ತೆ, ಹಾಗಾಗಿ ಮಾಡಿನ ಒಳಗೇ ಕೂರಿಸಿ. ಕೇಬಲ್ ಒಳಗೆ ಹೋಗೋ ತೂತಿಗೆ ಮೊದಲು ಒಮ್ಮೆ ಕೆಳಗೆ ಜೋತು ಬಿದ್ದು ಮೇಲೆ ಏರಲಿ. ನೀರು ಕೆಳಗೇ ಹನಿದು ಹೋಗುತ್ತೆ, ಜಾಯಿಂಟಿಗೆ ಇಳಿಯಲ್ಲ.

ಪೆಟ್ಟಿಗೆ ಎಲ್ಲಿಡ್ತೀರಿ?

ಕ್ಯಾಮೆರಾ ಜಾಗಕ್ಕೆ ಇಷ್ಟೆಲ್ಲ ಯೋಚನೆ ಮಾಡಿ, ರೆಕಾರ್ಡ್ ಆಗೋ ಡಿವಿಆರ್ ಪೆಟ್ಟಿಗೆಯನ್ನ ಹಾಲ್‌ನಲ್ಲಿ ಟಿವಿ ಪಕ್ಕ ಇಡೋರಿದ್ದಾರೆ. ಕಳ್ಳರು ಹೋಗುವಾಗ ಡಿವಿಆರ್ ಅನ್ನೂ ಹೊತ್ತುಕೊಂಡು ಹೋದ ಸುದ್ದಿ ಪೇಪರ್‌ನಲ್ಲಿ ನೀವೂ ಓದಿರ್ತೀರಿ. ಬೀಗ ಹಾಕಿದ ಬೀರು ಬೇಡ, ಅವರು ಮೊದಲು ಒಡೆಯೋದೇ ಅದನ್ನ. ಗಾಳಿ ಆಡೋ ಅಟ್ಟ, ಯಾರೂ ನೋಡದ ಸ್ಟೋರ್ ರೂಮಿನ ಮೇಲಿನ ಶೆಲ್ಫ್ ವಾಸಿ. ಬಾಗಿಲ ಕ್ಯಾಮೆರಾದ್ದಾದರೂ ಒಂದು ಪ್ರತಿ ಮನೆ ಹೊರಗೆ, ಕ್ಲೌಡ್‌ನಲ್ಲಿ ಇದ್ದರೆ ಇನ್ನೂ ಒಳ್ಳೇದು.

ಎಷ್ಟು ದಿನದ ದಾಖಲೆ ಉಳಿಯುತ್ತೆ ಅನ್ನೋದೂ ಲೆಕ್ಕವೇ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಬರೆದರೆ ದಿನಕ್ಕೆ 43.2 ಜಿಬಿ. ನಾಲ್ಕು ಕ್ಯಾಮೆರಾಗೆ ಸುಮಾರು 173 ಜಿಬಿ. 1 ಟಿಬಿ ಡಿಸ್ಕ್ ಆರು ದಿನದೊಳಗೆ ತುಂಬಿ, ಹಳೇದರ ಮೇಲೆ ಹೊಸದು ಬರೆಯೋಕೆ ಶುರು. ಮನೆಯವರು ದಸರೆಗೆ ಹತ್ತು ದಿನ ಊರಿಗೆ ಹೋಗಿ ಬರೋಷ್ಟರಲ್ಲಿ ಮೊದಲ ದಿನದ ಕಳ್ಳತನ ಅಳಿಸಿಹೋಗಿರುತ್ತೆ. ಬಿಟ್‌ರೇಟ್ ಅರ್ಧ ಮಾಡಿ, ಇಲ್ಲವೇ ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗೋ ಹಾಗೆ ಮಾಡಿ. ಡಿವಿಆರ್ ಜೊತೆ ವೈಫೈ ರೂಟರ್ ಕೂಡ ಯುಪಿಎಸ್ ಲೈನಿನಲ್ಲಿರಲಿ. ಕರೆಂಟ್ ಹೋದಾಗಲೇ ಕ್ಯಾಮೆರಾ ಜಾಸ್ತಿ ಬೇಕಾಗೋದು.

ವಿಡಿಯೋ ಪೊಲೀಸರಿಗೆ, ಕೋರ್ಟಿಗೆ ಹೋಗಬೇಕಾದರೆ ವಾಟ್ಸಾಪ್‌ನಲ್ಲಿ ಕಳಿಸಿದ ತುಣುಕು ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ ಬರೆಯೋ ಜಾಗವೂ ಇದೆ. ಹೌದು, ನಾವು ಲ್ಯಾಬ್‌ನಲ್ಲಿ ಮಾಡೋ ಅದೇ ಹ್ಯಾಶ್. ಆದ್ದರಿಂದ ಮೂಲ ಫೈಲ್ ಹಾಗೇ ಉಳಿಸಿ, ಕ್ಯಾಮೆರಾದ ಗಡಿಯಾರ ಸರಿಯಿದೆಯಾ ಅಂತಲೂ ನೋಡ್ತಾ ಇರಿ.

ಎಲ್ಲಿ ಹಾಕಬಾರದು

ಇಲ್ಲಿವರೆಗೆ ಕ್ಯಾಮೆರಾಗೆ ಏನು ಕಾಣಬೇಕು ಅಂತ ಮಾತಾಡಿದ್ವಿ. ಏನು ಕಾಣಬಾರದು ಅನ್ನೋದೂ ಅಷ್ಟೇ ಮುಖ್ಯ.

ಪಕ್ಕದ ಮನೆ ಆಂಟಿ ಬಟ್ಟೆ ಒಗೆಯೋ ಜಾಗ, ಎದುರು ಮನೆ ಬೆಡ್‌ರೂಮ್ ಕಿಟಕಿ ನಮ್ಮ ಚೌಕಟ್ಟಿನಲ್ಲಿ ಬಂದರೆ, ಅದು ಭದ್ರತೆ ಅಲ್ಲ. ಅವರು ತಮ್ಮ ಮನೇಲೇ ಪರದೆ ಎಳೆದು ಬದುಕಬೇಕಾಗುತ್ತೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಯಾರದೇ ಖಾಸಗಿ ಅಂಗದ ಚಿತ್ರವನ್ನ ಒಪ್ಪಿಗೆ ಇಲ್ಲದೆ ತೆಗೆದರೆ ಐಟಿ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮನೆಯೊಳಗಿನ ಕ್ಯಾಮೆರಾ ಇನ್ನೂ ಸೂಕ್ಷ್ಮ. ಜೊತೆಗೆ ವಾಸಿಸುವವರ ಒಪ್ಪಿಗೆ ಇಲ್ಲದೆ ಮನೆಯ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸೋದು ಅವರ ಖಾಸಗಿತನಕ್ಕೆ ಧಕ್ಕೆ ಅಂತ 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿದೆ. ಕಾನೂನು ಪಕ್ಕಕ್ಕಿಟ್ಟು ಯೋಚಿಸಿದರೂ, ಅಜ್ಜಿ ಬಿದ್ದರೆ ಗೊತ್ತಾಗಲಿ ಅಂತ ಅವರ ರೂಮಿಗೆ ಕ್ಯಾಮೆರಾ ಹಾಕುವ ಮೊದಲು ಅಜ್ಜಿಯನ್ನ ಕೇಳೋದು ಬೇಡವಾ? ಸೀರೆ ಉಡೋದು, ಮಲಗೋದು, ಒಬ್ಬರೇ ಕೂತು ಅಳೋದು ಎಲ್ಲಾ ಅದೇ ರೂಮಲ್ಲಿ. ಮನೆಕೆಲಸಕ್ಕೆ ಬರೋ ಅಕ್ಕನಿಗೂ ಇಲ್ಲಿ ಕ್ಯಾಮೆರಾ ಇದೆ ಅಂತ ಬಾಯಿಬಿಟ್ಟು ಹೇಳಿ. ಹಾಸ್ಟೆಲ್ ಕಾರಿಡಾರ್‌ನಲ್ಲಿ ಕ್ಯಾಮೆರಾ ತಲೆ ಮೇಲಿದ್ದಾಗ ಹೇಗನ್ಸುತ್ತೆ ಅಂತ ನಮಗೆ ಗೊತ್ತು. ಅದೇ ಅನಿಸಿಕೆ ಅವರಿಗೂ ಇರುತ್ತೆ.

ಸಮಾಧಾನ ಏನಂದ್ರೆ, ಇಲ್ಲಿ ಭದ್ರತೆಗೂ ಮರ್ಯಾದೆಗೂ ಜಗಳ ಇಲ್ಲ. ಬಾಗಿಲು, ಗೇಟು, ಟೆರೇಸ್ ಮೆಟ್ಟಿಲು, ಹಿಂಬಾಗಿಲು ಸರಿಯಾಗಿ ಕಂಡರೆ ಒಳಗಿನ ರೂಮುಗಳಲ್ಲಿ ಕ್ಯಾಮೆರಾದ ಅಗತ್ಯ ಬಹುಮಟ್ಟಿಗೆ ಇರಲ್ಲ. ನೋಟ ಕಿರಿದು ಮಾಡಿ ಬಾಗಿಲಿಗೆ ನೆಟ್ಟರೆ ಮುಖಕ್ಕೆ ಪಿಕ್ಸೆಲ್ ಜಾಸ್ತಿ ಸಿಗುತ್ತೆ, ಪಕ್ಕದ ಮನೆ ತಾನಾಗೇ ಚೌಕಟ್ಟಿನಿಂದ ಹೊರಗೆ ಹೋಗುತ್ತೆ. ಆದರೂ ಒಂದು ತುದಿ ಉಳಿದರೆ ಹೆಚ್ಚಿನ ಆ್ಯಪ್‌ಗಳಲ್ಲಿ ಆ ಭಾಗವನ್ನ ಕಪ್ಪು ಮಾಡೋ ಪ್ರೈವಸಿ ಮಾಸ್ಕ್ ಇರುತ್ತೆ.

ಡ್ರಿಲ್‌ಗೆ ಮೊದಲು ಒಂದು ರಾತ್ರಿ

ಮುಂದಿನ ರಜೆಗೆ ಊರಿಗೆ ಹೋದಾಗ ಹೀಗೆ ಮಾಡಿ. ಒಂದು ಎ4 ಹಾಳೆಯಲ್ಲಿ ಮನೆಯ ಪ್ಲಾನ್ ಬರೆಯಿರಿ. ಒಳಗೆ ಬರಬಹುದಾದ ದಾರಿಗಳಿಗೆಲ್ಲ ಕೆಂಪು ಗುರುತು ಹಾಕಿ. ಪ್ರತಿ ಗುರುತಿನ ಪಕ್ಕ ದೂರ, ಎತ್ತರ, ಲೆನ್ಸ್ ಬರೆದು ಕೋನ ಮತ್ತು ಪಿಕ್ಸೆಲ್ ಲೆಕ್ಕ ಹಾಕಿ. ಆಮೇಲೆ ಕ್ಯಾಮೆರಾವನ್ನ ಕೋಲಿಗೋ ಏಣಿಗೋ ಟೇಪಿನಿಂದ ಕಟ್ಟಿ, ಒಂದು ರಾತ್ರಿ ಅಲ್ಲೇ ಬಿಡಿ. ಟೋಪಿ ಹಾಕಿಕೊಂಡು ನಡೆಯೋಕೆ ತಮ್ಮನನ್ನೋ ತಂಗಿಯನ್ನೋ ಕಳಿಸಿ. ಬೆಳಗ್ಗೆ ವಿಡಿಯೋ ನಿಲ್ಲಿಸಿ, ಅವರನ್ನ ಅಷ್ಟಾಗಿ ನೋಡಿರದ ಯಾರಿಗಾದರೂ ತೋರಿಸಿ "ಇದು ಯಾರು" ಅಂತ ಕೇಳಿ. ಉತ್ತರ ಬಂದ ಮೇಲೆ ಡ್ರಿಲ್ ತಗೊಳ್ಳಿ. ಡೀಫಾಲ್ಟ್ ಪಾಸ್‌ವರ್ಡ್ ಬದಲಾಯಿಸಿ, ಆ್ಯಪ್ ನೋಡೋದು ಹೇಗೆ ಅಂತ ಅಮ್ಮನ ಕೈಯಲ್ಲೇ ಎರಡು ಸಲ ಮಾಡಿಸಿ. ಯಾಕಂದ್ರೆ ರಾತ್ರಿ ಎರಡು ಗಂಟೆಗೆ ಗೇಟು ಸದ್ದಾದಾಗ ನೋಡಬೇಕಾಗಿರೋದು ಅವರು, ನಾವಲ್ಲ.

ಕ್ಯಾಮೆರಾ ಬೀಗದ ಕೆಲಸ ಮಾಡಲ್ಲ, ಬಾಗಿಲು ಗಟ್ಟಿ ಇಲ್ಲದಿದ್ದರೆ ಮೊದಲ ದುಡ್ಡು ಬಾಗಿಲಿಗೆ. ಅದು ಮಾಡಬಹುದಾದ ಕೆಲಸ ಒಂದೇ: ಹೊರಗೆ ಯಾರು ನಿಂತಿದ್ದಾರೆ ಅನ್ನೋದನ್ನ ಬಾಗಿಲು ತೆಗೆಯದೇ ತಿಳಿಸೋದು. ಆ ಒಂದನ್ನ ಸರಿಯಾಗಿ ಮಾಡೋ ಜಾಗ ಹುಡುಕಿಕೊಟ್ಟರೆ, ಮನೇಲಿ ನಮಗೆ ಕೊಟ್ಟ ಹುದ್ದೆಗೆ ನ್ಯಾಯ ಸಲ್ಲಿಸಿದ ಹಾಗೆ. ಮಿಕ್ಸಿ ರಿಪೇರಿ ಬರದಿದ್ದರೂ ಪರವಾಗಿಲ್ಲ.